ಅಮೋನಿಯಾ ಕೋದಂಡಪ್ಪ

ಬಂಗಾರಪೇಟೆ ದಾಟಿ ಕೆಜಿಎಫ್ ಕಡೆಗೆ ಸ್ವಲ್ಪ ದೂರ ಹೋದರೆ ಎಡಗಡೆಗೆ ಕಿಟಕಿಯೇ ಇಲ್ಲದ ಒಂದು ದೊಡ್ಡ ಬಿಳಿ ಕಟ್ಟಡ ಕಾಣುತ್ತದೆ. ಹುಣಸೆಹಣ್ಣಿನ ಮಂಡಿಯ ಅಶ್ವತ್ಥಪ್ಪನವರು ಕಟ್ಟಿಸಿದ ಕೋಲ್ಡ್ ಸ್ಟೋರೇಜು ಅದು. ಹುಣಸೆಹಣ್ಣನ್ನು ಹೊರಗಿಟ್ಟರೆ ಮಳೆಗಾಲ ಕಳೆಯುವಷ್ಟರಲ್ಲಿ ಕಪ್ಪಾಗಿ ಅಂಟಂಟಾಗುತ್ತದೆ. ತಣ್ಣಗಿಟ್ಟರೆ ಮುಂದಿನ ಸುಗ್ಗಿಯವರೆಗೂ ಅದರ ಹೊಂಬಣ್ಣ ಹಾಗೇ ಉಳಿಯುತ್ತದೆ. ಅಶ್ವತ್ಥಪ್ಪನವರು ಎಷ್ಟೋ ವರ್ಷ ತಮ್ಮ ಮಾಲನ್ನು ಲಾರಿಗೆ ಹಾಕಿ ಬೇರೆ ಊರಿನ ಸ್ಟೋರೇಜುಗಳಿಗೆ ಕಳಿಸಿ ಬೇಸತ್ತು, ಕೊನೆಗೆ ಸ್ವಂತದ್ದೊಂದು ಇರಲಿ ಎಂದು ಕೈಹಾಕಿದರು. ಗೋಡೆ ಏಳುವ ಮೊದಲೇ ಅವರು ಮಾತಾಡಿ ಗೊತ್ತುಮಾಡಿಕೊಂಡ ಆಳು ಕೋದಂಡಪ್ಪ.

ಕೋದಂಡಪ್ಪ ಕೆಜಿಎಫ್‌ನ ಕೋರಮಂಡಲ್‌ನವನು. ಚಿನ್ನದ ಗಣಿಯವರು ಕೂಲಿಗಳಿಗೆ ಸಾಲಾಗಿ ಕಟ್ಟಿಸಿದ ಲೈನುಮನೆಯಲ್ಲಿ ಹುಟ್ಟಿ ಬೆಳೆದವನು. ಅವನಪ್ಪ ಗಣಿಯ ಆಳದಲ್ಲಿ ದುಡಿದವರು. ಕೆಳಗೆ ಬಂಡೆಯೇ ಸುಡುತ್ತದೆ, ನಿಂತಲ್ಲೇ ಬೆವರು ಧಾರೆಯಾಗಿ ಇಳಿಯುತ್ತದೆ ಎಂದು ಮನೆಗೆ ಬಂದು ಹೇಳುತ್ತಿದ್ದರು. ಗಣಿಗೆ ಬಾಗಿಲು ಹಾಕುವ ಮಾತು ಅಲ್ಲಲ್ಲಿ ಕೇಳಿಬರುತ್ತಿದ್ದ ಕಾಲದಲ್ಲಿ ಮಗನನ್ನು ಕರೆದು, "ನಾನು ಬೆಂದಿದ್ದು ಸಾಕು ಕಣ್ಲಾ, ನೀನು ತಣ್ಗಿರೋ ಕಡೆ ಓಗು" ಎಂದು ರಾಬರ್ಟ್‌ಸನ್‌ಪೇಟೆಯ ಒಂದು ಐಸ್ ಫ್ಯಾಕ್ಟರಿಗೆ ಸೇರಿಸಿದರು.

ಐಸ್ ಫ್ಯಾಕ್ಟರಿಯಲ್ಲಾಗಲಿ ಕೋಲ್ಡ್ ಸ್ಟೋರೇಜಿನಲ್ಲಾಗಲಿ ಪೈಪುಗಳೊಳಗೆ ಓಡಾಡಿ ಶಾಖವನ್ನು ಹೊತ್ತು ಹೊರಗೆ ಹಾಕುವುದು ಅಮೋನಿಯಾ ಎಂಬ ಗ್ಯಾಸು. ಕೆಲಸಕ್ಕೆ ಬಲು ಒಳ್ಳೆಯದು, ಆದರೆ ಪೈಪು ಬಿಟ್ಟು ಹೊರಗೆ ಬಂದರೆ ಕಣ್ಣು, ಗಂಟಲು, ಶ್ವಾಸಕೋಶ ಯಾವುದನ್ನೂ ಬಿಡುವುದಿಲ್ಲ. ಒಂದೇ ಪುಣ್ಯವೆಂದರೆ ಅದು ಕದ್ದು ಬರುವುದಿಲ್ಲ. ಎಳ್ಳಷ್ಟು ಸೋರಿದರೂ ಘಾಟಾದ ವಾಸನೆ ಮೊದಲೇ ಸಾರಿ ಹೇಳುತ್ತದೆ. ಆ ಎಳ್ಳಷ್ಟನ್ನು ಎಲ್ಲರಿಗಿಂತ ಮೊದಲು ಹಿಡಿಯುತ್ತಿದ್ದದ್ದು ಕೋದಂಡಪ್ಪನ ಮೂಗು. ಐಸ್ ಫ್ಯಾಕ್ಟರಿ ಬಿಟ್ಟು ಚಿಂತಾಮಣಿ, ಹೊಸಕೋಟೆ, ನೆಲ್ಲೂರು ಎಂದು ಅವನು ಕೆಲಸ ಮಾಡಿದ ಕಡೆಯಲ್ಲೆಲ್ಲ ಗೇಟಿನಲ್ಲಿ ಸೈಕಲ್ಲು ನಿಲ್ಲಿಸುತ್ತಲೇ, "ಇವತ್ತು ಎಲ್ಲೋ ಒಂದು ಕಡೆ ಬಿಟ್ಟೈತಲ್ಲ" ಎನ್ನುತ್ತಿದ್ದ. ಹುಡುಕಿದರೆ ಬಿಟ್ಟಿರುತ್ತಿತ್ತು. ಜನ ಅವನಿಗೆ ಅಮೋನಿಯಾ ಕೋದಂಡಪ್ಪ ಎಂದೇ ಹೆಸರಿಟ್ಟರು. ಅವನಿಗೂ ಆ ಹೆಸರು ಹಿಡಿಸಿತ್ತು.

ಕೊರೊನಾದ ಎರಡನೇ ಅಲೆಯಲ್ಲಿ ಹೊಸಕೋಟೆಯಲ್ಲಿದ್ದಾಗ ಅವನಿಗೂ ಜ್ವರ ಬಂತು. ಅಂಥ ಜೋರೇನಲ್ಲ, ಮಲಗಿ ಎದ್ದ. ಏಳುವಾಗ ವಾಸನೆ ಇರಲಿಲ್ಲ. ಜೊತೆಯವರಿಗೂ ಹೋಗಿತ್ತು, ಕೆಲವು ವಾರಕ್ಕೆ ಮರಳಿ ಬಂತು. ಅವನಿಗೆ ಬರಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಬೆಳಗಾಗೆದ್ದು ಕಾಫಿಪುಡಿ ಡಬ್ಬಿಗೆ ಮೂಗಿಟ್ಟು ನೋಡುವುದು, ಮುಚ್ಚಳ ಹಾಕುವುದು. ಹೊಸಕೋಟೆಯ ಸ್ಟೋರೇಜಿನಲ್ಲಿ ಗೋಡೆಗೋಡೆಗೂ ಗ್ಯಾಸ್ ಸೆನ್ಸರ್‌ಗಳಿದ್ದವು. ಸೋರಿದರೆ ಅವೇ ಕೂಗುತ್ತಿದ್ದವು. ಹಾಗಾಗಿ ಯಾರಿಗೂ ಹೇಳದೆ ದಿನ ದೂಡಿದ. ಹೇಳುವುದಾದರೂ ಏನಂತ? ಕುಂಬಾರ ತನಗೆ ಕೈಯಿಲ್ಲ ಎಂದಂತೆ ಆಗುತ್ತದೆ ಎಂದುಕೊಂಡ.

ಅಶ್ವತ್ಥಪ್ಪನವರು ಹೇಳಿಕಳಿಸಿದ್ದು ಆ ದಿನಗಳಲ್ಲೇ. "ಮಿಷನ್ ಕೂರ್ಸೋದ್ರಿಂದ ಇಡಿದು ನಡೆಸೋವರ್ಗೂ ನೀನೇ ನೋಡ್ಕೋಬೇಕಯ್ಯಾ. ಮನೆ ಅತ್ರಾನೇ ಐತೆ, ಇನ್ನೆಷ್ಟು ದಿನ ಊರೂರು ತಿರುಗ್ತೀಯ?" ಎಂದರು. ಮನೆ ಹತ್ತಿರ ಎನ್ನುವುದೇ ಅವನಿಗೆ ಸಾಕಾಯಿತು. ಒಪ್ಪಿಕೊಂಡ.

ಕೆಲಸ ಶುರುವಾದ ಮೇಲೆ ಅವನಿಗೆ ಬಹಳ ಕಾಲದ ನಂತರ ಹುರುಪು ಬಂತು. ಮೊದಲು ನೆಲ. ಕೋಲ್ಡ್ ಸ್ಟೋರೇಜಿಗೆ ಬರೀ ಕಾಂಕ್ರೀಟು ಸಾಲದು. ಭೂಮಿಯ ಬಿಸಿ ಒಳಗೆ ಬಾರದಂತೆ, ಒಳಗಿನ ತಂಪು ಕೆಳಗಿಳಿಯದಂತೆ ದಪ್ಪನೆಯ ಫೋಮ್ ಹಾಳೆಗಳನ್ನು ಸಂದಿಲ್ಲದ ಹಾಗೆ ಹಾಸಿ, ಅದರ ಮೇಲೆ ಮತ್ತೊಂದು ಪದರ ಕಾಂಕ್ರೀಟು ಹಾಕಬೇಕು. ಹಾಳೆ ಹಾಸುವುದಕ್ಕೆ ಪಕ್ಕದ ಹಳ್ಳಿಯ ಹೆಂಗಸರು ಕೂಲಿಗೆ ಬರುತ್ತಿದ್ದರು. ಅವರಲ್ಲಿ ಮುಂದಾಳು ಮುನಿಗಂಗಮ್ಮ. ಗಂಡ ತೀರಿಕೊಂಡ ಮೇಲೆ ಎರಡು ಹೆಣ್ಣುಮಕ್ಕಳ ಮದುವೆ ಮಾಡಿ, ಈಗ ತನ್ನ ಹೊಟ್ಟೆಗೆ ತಾನು ದುಡಿಯುತ್ತಿದ್ದ ಗಟ್ಟಿಗಿತ್ತಿ. ನೆಲ, ಗೋಡೆ, ಸೂರು ಎಲ್ಲಕ್ಕೂ ಫೋಮ್ ಹೊದಿಸುವುದನ್ನು ನೋಡಿ ಒಂದು ದಿನ ಕೇಳಿದಳು:

"ಅಲ್ಲಾ ಕೋದಂಡಣ್ಣ, ಸುತ್ತಾ ಇಂಗೆ ಕಂಬ್ಳಿ ಒದ್ದಿಸ್ತಿದ್ದೀರಲ್ಲ, ಇದೇನು ಬಾಣಂತಿಯಾ?"

"ಬಾಣಂತೀಗೆ ಬೆಚ್ಗಿರ್ಲಿ ಅಂತ ಒದ್ದಿಸ್ತಾರೆ, ಇದಕ್ಕೆ ತಣ್ಗಿರ್ಲಿ ಅಂತ. ಕಂಬ್ಳಿ ಒಂದೇ ಕಣಮ್ಮ" ಎಂದ ಕೋದಂಡಪ್ಪ. ಹೆಂಗಸರೆಲ್ಲ ನಕ್ಕರು.

ಮಿಷನ್ ಕಂಪನಿಯಿಂದ ಶಿವಪ್ರಸಾದ್ ಎಂಬ ಎಂಜಿನಿಯರ್ ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬಂದಿಳಿಯುತ್ತಿದ್ದರು. ಮಾತು ಕಡಿಮೆ, ಅಚ್ಚುಕಟ್ಟು. ಕೆಜಿಎಫ್‌ನಲ್ಲೇ ಬೆಳೆದ ಸುಮಿತಾ ಎಂಬ ಹೆಣ್ಣುಮಗಳು ಆಪರೇಟರ್ ಆಗಿ ಸೇರಿದ್ದಳು. ಅವಳ ಅಪ್ಪ ಅಮ್ಮ ಫ್ಯಾಕ್ಟರಿ ಕೆಲಸಕ್ಕೆಂದು ಶಿವಮೊಗ್ಗದ ಕಡೆಯಿಂದ ಬಂದು ಇಲ್ಲೇ ನೆಲೆಸಿದವರು. ಡಿಪ್ಲೊಮಾ ಮುಗಿಸಿ ಹಾಲಿನ ಡೇರಿಯೊಂದರಲ್ಲಿ ಎರಡು ವರ್ಷ ಮಿಷನ್ ನಡೆಸಿ ಬಂದಿದ್ದಳು.

ಕಂಪ್ರೆಸರ್‌ಗಳು ಕೂತವು, ತಾರಸಿಯ ಮೇಲೆ ಕಂಡೆನ್ಸರ್ ಏರಿತು, ಕೋಣೆಕೋಣೆಯೊಳಗೆ ಫ್ಯಾನುಗಳು ತೂಗುಬಿದ್ದವು, ಇವನ್ನೆಲ್ಲ ಬೆಸೆಯುವ ಪೈಪುಗಳ ವೆಲ್ಡಿಂಗ್ ಮುಗಿಯಿತು. ಪೈಪುಗಳಿಗೆ ನೈಟ್ರೋಜನ್ ತುಂಬಿ ಒತ್ತಡ ಕೊಟ್ಟು, ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಸವರಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಆ ಕೆಲಸವನ್ನು ಕೋದಂಡಪ್ಪ ಯಾರಿಗೂ ಬಿಡಲಿಲ್ಲ. ಏಣಿಯ ಮೇಲೆ ಬ್ರಷ್ಷು ಹಿಡಿದು ನಿಂತರೆ ಊಟದ ಪರಿವೆಯೂ ಇರುತ್ತಿರಲಿಲ್ಲ. ನೊರೆ ನೋಡಲು ಕಣ್ಣು ಸಾಕು, ಮೂಗು ಬೇಕಿಲ್ಲ. ಎಲ್ಲವೂ ಹೀಗೇ ಕಣ್ಣಳತೆಯಲ್ಲಿ ಮುಗಿದುಹೋದರೆ ಎಷ್ಟು ಚೆನ್ನ ಎಂದು ಅವನ ಮನಸ್ಸು ಹೇಳುತ್ತಿತ್ತು.

ಗುಟ್ಟು ಮೊದಲು ಬಯಲಾದದ್ದು ಮನೆಯಲ್ಲಿ. ಒಂದು ಭಾನುವಾರ ಹೆಂಡತಿ ಅಂಜನಮ್ಮ ಒಲೆಯ ಮೇಲೆ ಹಾಲಿಟ್ಟು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗಿದ್ದಳು. ಕೋದಂಡಪ್ಪ ಅಡುಗೆಮನೆಯ ಬಾಗಿಲಲ್ಲೇ ಒಲೆಗೆ ಬೆನ್ನುಹಾಕಿ ಕೂತು ಪೇಪರ್ ಓದುತ್ತಿದ್ದ. ಹಾಲು ಉಕ್ಕಿ, ಸೀದು, ಪಾತ್ರೆಯ ತಳ ಕರಕಲಾಗುವವರೆಗೂ ಅಲ್ಲಾಡಲಿಲ್ಲ. ಹಿತ್ತಲಿಗೇ ವಾಸನೆ ಬಡಿದು ಅವಳು ಓಡಿಬಂದಳು. ಪಾತ್ರೆಯನ್ನೂ ನೋಡಿದಳು, ಗಂಡನನ್ನೂ ನೋಡಿದಳು.

"ಏನಯ್ಯಾ, ನಿಂಗೆ ವಾಸ್ನೆ ಬರ್ಲಿಲ್ವಾ?"

ಅವನು ಪೇಪರ್ ಮಡಿಸಿದ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಜರ ಬಂದಾಗ್ಲಿಂದ ಇಲ್ಲ ಕಣೇ" ಎಂದ.

ಅಂಜನಮ್ಮ ಅಲ್ಲೇ ಕೂತಳು. "ಅಂಗಾದ್ರೆ ನಾನು ಬಡಿಸಿದ್ನೆಲ್ಲ ಚೆನ್ನಾಗೈತೆ ಚೆನ್ನಾಗೈತೆ ಅಂತಿದ್ದಿದ್ದು?" ಎಂದವಳು, ಉತ್ತರಕ್ಕೆ ಕಾಯದೆ, "ನನ್ ಸಾರು ಆಳಾಗೋಗ್ಲಿ. ಆ ಗ್ಯಾಸಿನ ಮುಂದೆ ಎಂಗೆ ನಿಂತ್ಕೊತೀಯ? ಅಶ್ವತ್ಥಪ್ನೋರಿಗೆ ಯೇಳ್ಬಿಡು" ಎಂದಳು.

"ಯೇಳ್ತೀನಿ. ಗ್ಯಾಸ್ ತುಂಬಿ, ಸೆನ್ಸರ್ ಆಕ್ಸಿದ್ಮೇಲೆ ಯೇಳ್ತೀನಿ. ಆಗ ಯಾರ್ಗೂ ನನ್ ಮೂಗು ಬೇಕಾಗಲ್ಲ."

"ಈಗ ಬೇಕಾಗೈತಲ್ಲ, ಈಗ್ಲೇ ಯೇಳ್ಬೇಕು" ಎಂದಳು ಅಂಜನಮ್ಮ. ಅವನು ಎದ್ದು ಹೊರಗೆ ಹೋದ.

ಹುಣಸೆಯ ಸುಗ್ಗಿ ಬಂತು. ಮಂಡಿಯಲ್ಲಿ ಮಾಲು ಬೆಟ್ಟದ ಹಾಗೆ ಬೀಳತೊಡಗಿತು. ಅಶ್ವತ್ಥಪ್ಪನವರಿಗೆ ಕೂತಲ್ಲಿ ಕೂರಲಾಗದ ಆತುರ. ಅತ್ತ ಗ್ಯಾಸ್ ಸೆನ್ಸರ್‌ಗಳು ಮಾತ್ರ ಇನ್ನೂ ಬಂದಿರಲಿಲ್ಲ. ಶಿವಪ್ರಸಾದ್ ಅವು ಬರುವವರೆಗೂ ಕಾಯೋಣ ಎಂದರು. ಅಶ್ವತ್ಥಪ್ಪನವರು ನಕ್ಕು, "ಸೆನ್ಸರ್ ಯಾಕ್ರೀ? ನಮ್ ಕೋದಂಡ ಇಲ್ವಾ? ಅವ್ನ ಮೂಗಿಗಿಂತ ಸೆನ್ಸರ್ ಬೇಕಾ?" ಎಂದರು. ಶಿವಪ್ರಸಾದ್‌ಗೂ ಆ ಹೆಸರಿನ ಕಥೆಗಳು ಕಿವಿಗೆ ಬಿದ್ದಿದ್ದವು. ಅವರು ಕೋದಂಡಪ್ಪನ ಕಡೆ ತಿರುಗಿ, "ನೀವೇನಂತೀರಿ ಕೋದಂಡಪ್ಪನವರೇ?" ಎಂದು ಕೇಳಿದರು.

ಅಲ್ಲಿ ಒಂದು ಮಾತಿಗೆ ಜಾಗವಿತ್ತು. ಕಾಯೋಣ ಎಂದರೆ ಮುಗಿಯುತ್ತಿತ್ತು, ಕಾರಣ ಕೂಡ ಹೇಳಬೇಕಿರಲಿಲ್ಲ. ಆದರೆ ಇಬ್ಬರೂ ಹಾಗೆ ನಂಬಿಕೆಯಿಂದ ನೋಡುತ್ತಿರುವಾಗ ಅವನ ಬಾಯಿಂದ ಬಂದದ್ದು, "ನಾನಿದೀನಲ್ಲ ಸಾರ್" ಎಂದು.

ಗ್ಯಾಸ್ ತುಂಬುವ ದಿನ ಬೆಳಗ್ಗೆಯೇ ಸಿಲಿಂಡರ್‌ಗಳು ಬಂದಿಳಿದವು. ಗಾಜಿನ ಗೋಡೆಯ ಆಚೆ ಪ್ಯಾನೆಲ್ ರೂಮಿನಲ್ಲಿ ಶಿವಪ್ರಸಾದ್ ಮತ್ತು ಸುಮಿತಾ ಒತ್ತಡದ ಅಂಕಿಗಳನ್ನು ನೋಡುತ್ತಿದ್ದರು. ಈಚೆ ಮಿಷನ್ ರೂಮಿನಲ್ಲಿ ಕೋದಂಡಪ್ಪ ಸಿಲಿಂಡರ್ ಜೋಡಿಸಿ, ವಾಲ್ವನ್ನು ನಿಧಾನಕ್ಕೆ ತಿರುಗಿಸಿದ. ಪೈಪಿನೊಳಗೆ ಸುಯ್ಯೆಂದು ಸದ್ದಾಯಿತು. ಜೋಡಿಸಿದ ಹೋಸಿನ ಮೇಲೆ ಬಿಳಿಯ ಮಂಜು ಹೂವಿನಂತೆ ಅರಳಿತು. ಎಷ್ಟು ಸಲ ನೋಡಿದರೂ ಅದನ್ನು ನೋಡುವುದೆಂದರೆ ಅವನಿಗೆ ಸಂತೋಷ.

ಮೈಕಿನಲ್ಲಿ ಶಿವಪ್ರಸಾದ್ ಕೇಳಿದರು: "ವಾಸನೆ ಏನಾದ್ರೂ ಇದೆಯಾ?"

ಕೋದಂಡಪ್ಪ ಹಳೆಯ ಅಭ್ಯಾಸದಂತೆ ತಲೆಯೆತ್ತಿ ಎರಡು ಸಲ ಮೂಗಿನಿಂದ ಗಾಳಿಯೆಳೆದ. "ಇಲ್ಲ ಸಾರ್."

ಎರಡನೆಯ ಸಿಲಿಂಡರ್ ಹೋಗುತ್ತಿತ್ತು. ಗ್ಯಾಸು ಶೇಖರವಾಗುವ ರಿಸೀವರ್ ಟ್ಯಾಂಕಿನ ಹಿಂದೆ ಮುನಿಗಂಗಮ್ಮ ಕಬ್ಬಿಣದ ಪುಡಿ, ಫೋಮಿನ ಚೂರು ಗುಡಿಸುತ್ತಿದ್ದಳು. ಗ್ಯಾಸ್ ತುಂಬುವಾಗ ಅವಳನ್ನು ಅಲ್ಲಿ ಇರಗೊಡಲೇಬಾರದಿತ್ತು. ಬೆಳಗ್ಗೆ ಅವಳು, "ಒಂದು ಗಳಿಗೆ, ಗುಡಿಸ್ಬಿಟ್ಟು ಓಗ್ತೀನಿ" ಎಂದಾಗ ಅವನೇ ಹೂಂ ಎಂದಿದ್ದ. ಈಗ ಅವಳು ಪೊರಕೆ ನಿಲ್ಲಿಸಿದಳು.

"ಅಣ್ಣಾ, ಏನೋ ಘಾಟು ಬಂದಂಗಾಯ್ತಲ್ಲ?"

"ಏನೂ ಇಲ್ವಲ್ಲಮ್ಮ" ಎಂದ ಅವನು. ಯೋಚಿಸಿ ಹೇಳಿದ್ದಲ್ಲ, ಬೆಳಗಿನಿಂದ ಹೇಳುತ್ತಿದ್ದ ಮಾತೇ ತಾನಾಗಿ ಬಂತು.

"ನಿಂಗೇ ಬರ್ಲಿಲ್ಲ ಅಂದ್ಮೇಲೆ ನನ್ ಮೂಗೇ ಕೆಟ್ಟಿರ್ಬೇಕು" ಎಂದು ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ಮತ್ತೆ ಬಗ್ಗಿ ಗುಡಿಸತೊಡಗಿದಳು.

ಕೋದಂಡಪ್ಪ ಅವಳನ್ನೇ ನೋಡಿದ. ಕೆಮ್ಮುತ್ತಿದ್ದಳು, ಆದರೂ ಗುಡಿಸುತ್ತಿದ್ದಳು. ತನ್ನ ಮೂಗನ್ನು ಬಿಟ್ಟು ಇವನ ಮಾತನ್ನು ನಂಬಿದ್ದಳು. ಅದು ಅವನ ತಲೆಗೆ ಹೋಗುವುದಕ್ಕೂ ಅವನ ಕಣ್ಣು ಚುರ್ ಎನ್ನುವುದಕ್ಕೂ ಸರಿಹೋಯಿತು. ಮೂಗು ಸತ್ತಿದ್ದರೂ ಕಣ್ಣಿನ ಉರಿ ಸತ್ತಿರಲಿಲ್ಲ. ಕಣ್ಣು ಉರಿಯುವಷ್ಟಾಗಿದೆ ಎಂದರೆ ವಾಸನೆಯ ಹಂತ ದಾಟಿ ಬಹಳ ಹೊತ್ತಾಗಿದೆ ಎಂದೇ ಅರ್ಥ.

ಸಿಲಿಂಡರಿನ ವಾಲ್ವನ್ನು ಎರಡೂ ಕೈಯಿಂದ ತಿರುಗಿಸಿ ಮುಚ್ಚಿದ. ಟ್ಯಾಂಕಿನ ಹಿಂದಕ್ಕೆ ನುಗ್ಗಿ ಮುನಿಗಂಗಮ್ಮನ ರಟ್ಟೆ ಹಿಡಿದು ಎಳೆದ. "ಸಾರ್, ಲೀಕು! ಆಚೆ ಓಗಿ, ಗಾಳಿ ಬರೋ ಕಡೆ ಓಗಿ!" ಎಂದು ಕೂಗುತ್ತಲೇ ಗೋಡೆಯ ಮೇಲಿನ ಸ್ವಿಚ್ಚೊತ್ತಿ ದೊಡ್ಡ ಫ್ಯಾನನ್ನು ಓಡಿಸಿದ. ಹೊರಗೆ ಹೊಂಗೆಮರದ ಕೆಳಗೆ ಅವಳನ್ನು ಕೂರಿಸಿ ಬಕೆಟ್ಟಿನ ನೀರನ್ನು ಮುಖಕ್ಕೆ ಮತ್ತೆ ಮತ್ತೆ ಹುಯ್ದ. ಸುಮಿತಾ ಓಡಿಬಂದು ಅವಳ ಬೆನ್ನು ಹಿಡಿದುಕೊಂಡಳು. ಅಷ್ಟರಲ್ಲಿ ಶಿವಪ್ರಸಾದ್ ಮಾಸ್ಕುಗಳನ್ನು ತಂದಿದ್ದರು. ಅವರೂ ಕೋದಂಡಪ್ಪನೂ ತೊಟ್ಟು ಒಳಗೆ ಹೋದರು. ಅಮೋನಿಯಾ ತಾಗಿದರೆ ಬಿಳಿ ಹೊಗೆ ಏಳಿಸುವ ಗಂಧಕದ ಕಡ್ಡಿ ಹಚ್ಚಿ ಜಾಯಿಂಟುಗಳ ಹತ್ತಿರ ಹಿಡಿದು ಸಾಗಿದರು. ನೊರೆ ಸವರಿದಾಗ ಬಿಗಿಯಾಗಿಯೇ ಇದ್ದ, ಟ್ಯಾಂಕಿನ ಮೇಲಿನ ಒಂದು ವಾಲ್ವಿನ ಕುತ್ತಿಗೆಯ ಹತ್ತಿರ ಬರುತ್ತಲೇ ಬೆಳ್ಳಗೆ ದಟ್ಟ ಹೊಗೆ ಎದ್ದಿತು. ಸೋರುವ ಜಾಗ ಅದೇ. ಸ್ಪ್ಯಾನರ್ ಹಾಕಿ ಬಿಗಿಮಾಡಿದರು. ಹೊಗೆ ನಿಂತಿತು.

ಹೊರಗೆ ಬಂದು ಮಾಸ್ಕು ತೆಗೆದಾಗ ಶಿವಪ್ರಸಾದ್ ಕೇಳಿದರು: "ಇಷ್ಟು ಹತ್ತಿರ ನಿಂತು ನಿಮಗೆ ಹೇಗೆ ಗೊತ್ತಾಗಲಿಲ್ಲ?"

"ನನಗೆ ವಾಸ್ನೆ ಬರಲ್ಲ ಸಾರ್. ಕೊರೊನಾ ಬಂದಾಗ್ಲಿಂದ ಬರಲ್ಲ."

ಶಿವಪ್ರಸಾದ್ ಕೈಲಿದ್ದ ಮಾಸ್ಕನ್ನು ಕೆಳಗಿಟ್ಟರು. ಆಮೇಲೆ, "ನಾನು ನಿಮ್ಮನ್ನ ಕೇಳಿದ್ದೆ" ಎಂದಷ್ಟೇ ಹೇಳಿ ಹೋಗಿ ಕೆಲಸ ನಿಲ್ಲಿಸಿದರು.

ಮರದ ಕೆಳಗಿಂದ ಮುನಿಗಂಗಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಣ್ಣು ಕೆಂಡವಾಗಿತ್ತು, ಗಂಟಲು ಗೊರಗೊರ. "ಗೊತ್ತಾಗ್ದಿದ್ರೆ ಗೊತ್ತಾಗಲ್ಲ ಅನ್ನಪ್ಪಾ. 'ಇಲ್ಲ' ಅಂತ ಯಾಕಂದೆ?" ಎಂದಳು. ಅವನು ಬಕೆಟ್ಟನ್ನು ಮತ್ತೆ ತುಂಬಿಸಿ ತಂದು ಅವಳ ಪಕ್ಕದಲ್ಲಿಟ್ಟ.

ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಅವಳಿಗೆ ಆಕ್ಸಿಜನ್ ಕೊಟ್ಟು, ಸಂಜೆಯವರೆಗೆ ನೋಡಿಕೊಂಡು ಮನೆಗೆ ಕಳಿಸಿದರು. ಪ್ರಾಣಕ್ಕೆ ಅಪಾಯವಿರಲಿಲ್ಲ, ಗಂಟಲು ಮಾಯಲು ಕೆಲವು ದಿನ ಬೇಕು ಅಷ್ಟೆ ಎಂದರು. ಅಷ್ಟೂ ಹೊತ್ತು ಕೋದಂಡಪ್ಪ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಅಲ್ಲಿಗೆ ಬಂದ ಅಶ್ವತ್ಥಪ್ಪನವರು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. "ಸದ್ಯಕ್ಕೆ ಮನೇಲಿರಯ್ಯಾ" ಎಂದು ಹೇಳಿ, ಅವನ ಮುಖ ನೋಡದೆ ಹೋದರು.

ಮನೆಯಲ್ಲಿದ್ದ. ಗಣಿ ಮುಚ್ಚಿದ ಮೇಲೆ ತನ್ನಪ್ಪ ಜಗಲಿಯ ಮೇಲೆ ಕೂತಿರುತ್ತಿದ್ದದ್ದು ಅವನಿಗೆ ನೆನಪಾಗುತ್ತಿತ್ತು. ಆದರೆ ಅಪ್ಪನ ಕೆಲಸವನ್ನು ಬೇರೆಯವರು ಕಿತ್ತುಕೊಂಡಿದ್ದರು. ತನ್ನದನ್ನು ತಾನೇ ಕಳೆದುಕೊಂಡಿದ್ದ. ಮೂಗು ಹೋದದ್ದರಿಂದಲೂ ಅಲ್ಲ, ಮೂಗಿನ ಹೆಸರನ್ನು ಬಿಡಲಾರದೆ. ವಾಸನೆ ಹೋಗಿ ಇಷ್ಟು ಕಾಲವಾದರೂ ಆ ಹೆಸರು ಮಾತ್ರ ಊರ ತುಂಬ ಓಡಾಡಿಕೊಂಡಿತ್ತು, ಅವನೂ ಅದರ ಹಿಂದೆಯೇ ಓಡಾಡಿಕೊಂಡಿದ್ದ. ಅಂಜನಮ್ಮ ನಾನು ಮೊದಲೇ ಹೇಳಿದ್ದೆ ಎಂದು ಒಮ್ಮೆಯೂ ಆಡಲಿಲ್ಲ. ಒಂದು ಬೆಳಗ್ಗೆ ಮಾತ್ರ, "ಆಯಮ್ಮನ್ನ ಓಗಿ ನೋಡ್ಕಂಡು ಬಾ" ಎಂದಳು.

ಹಳ್ಳಿಯಲ್ಲಿ ಮುನಿಗಂಗಮ್ಮ ಅಂಗಳದಲ್ಲಿ ಅಕ್ಕಪಕ್ಕದವರೊಂದಿಗೆ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ಸುತ್ತಿಗೆಯಿಂದ ಕುಟ್ಟಿ ಬೀಜ ಬೇರೆ, ನಾರು ಬೇರೆ, ಹಣ್ಣು ಬೇರೆ ಮಾಡುವ ಕೆಲಸ. ಅವನನ್ನು ನೋಡಿ ಪಕ್ಕಕ್ಕೆ ಸರಿದು ಚಾಪೆಯ ಮೇಲೆ ಜಾಗ ಬಿಟ್ಟಳು. ಅವನು ಕೂತು, "ತಪ್ಪಾಯ್ತಮ್ಮ" ಎಂದ.

ಅವಳು ಇನ್ನೆರಡು ಹಣ್ಣು ಕುಟ್ಟಿದಳು. "ನನ್ ಯಜಮಾನ್ರಿಗೆ ಒಂದು ಕಿವಿ ಕೇಳ್ತಿರ್ಲಿಲ್ಲ. ಕಲ್ಲುಕ್ವಾರೀಲಿ ಓಗಿತ್ತು. ಕೆಲ್ಸಕ್ಕೆ ಓದ ಕಡೆಯೆಲ್ಲ ಮೊದ್ಲೇ ಯೇಳೋರು, ಈ ಕಡೆ ನಿಂತು ಕೂಗ್ರಪ್ಪಾ, ಆ ಕಡೆ ಕಿವುಡು ಅಂತ. ಯಾರೂ ಬ್ಯಾಡ ಅನ್ಲಿಲ್ಲ, ಈ ಕಡೆ ನಿಂತು ಕೂಗ್ತಿದ್ರು, ಅಷ್ಟೇಯ" ಎಂದಳು. ಆಮೇಲೆ ಜೊತೆಗೆ ಕೂತಿದ್ದ ಪಕ್ಕದ ಮನೆಯವಳಿಗೆ ಒಳಗೆ ಹೋಗಿ ಕಾಫಿ ಇಡಲು ಹೇಳಿದಳು.

ಸೆನ್ಸರ್‌ಗಳು ಬಂದು ಗೋಡೆಗೇರಿದ ಮೇಲೆ ಅಶ್ವತ್ಥಪ್ಪನವರ ಫೋನು ಬಂತು. ಇಲ್ಲಿನ ಒಂದೊಂದು ಜಾಯಿಂಟನ್ನೂ ಬಲ್ಲವನು ಅವನೇ, ಅವನನ್ನೇ ಕರೆಸಿ ಎಂದು ಶಿವಪ್ರಸಾದ್ ಹೇಳಿದ್ದರಂತೆ. ಆದರೆ ಒಂದು ಕರಾರು: ಮಿಷನ್ ರೂಮಿನೊಳಗೆ ಒಬ್ಬನೇ ಕಾಲಿಡಬಾರದು, ಜೊತೆಗೆ ಯಾವಾಗಲೂ ಇನ್ನೊಬ್ಬರಿರಬೇಕು. "ಬತ್ತೀನಿ ಯಜಮಾನ್ರೇ. ನಂದೂ ಒಂದು ಮಾತೈತೆ" ಎಂದ ಕೋದಂಡಪ್ಪ. "ನನ್ ಮೂಗು ಓಗೈತೆ ಅಂತ ಅಲ್ಲಿ ಗುಡಿಸೋರಿಂದ ಇಡಿದು ಎಲ್ರಿಗೂ ನಾನೇ ಯೇಳ್ತೀನಿ. ಯಾರಿಗೆ ಏನು ಘಾಟು ಬಂದ್ರೂ ಅವ್ರು ಕೂಗ್ಬೇಕು, ನನ್ನ ಕೇಳ್ಕಂಡು ನಿಂತ್ಕೋಬಾರ್ದು." ಹೇಳಿದಂತೆಯೇ ಹೋದ ದಿನ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ ಹೇಳಿದ. ಹೇಳುವಾಗ ಕಿವಿ ಬಿಸಿಯಾಯಿತು. ಹೇಳಿ ಮುಗಿದ ಮೇಲೆ ಲಾರಿಯಿಂದ ಮೂಟೆ ಇಳಿಸಿದಷ್ಟು ಹಗುರವಾಯಿತು.

ಉಳಿದ ಗ್ಯಾಸನ್ನು ತುಂಬಿ ಮಿಷನ್ ಓಡಿಸಿದರು. ಕೋಣೆಗಳನ್ನು ಒಮ್ಮೆಲೇ ತಣ್ಣಗೆ ಮಾಡಿದರೆ ನೆಲ, ಗೋಡೆ ಬಿರುಕುಬಿಡುತ್ತವೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಆ ದಿನಗಳಲ್ಲಿ ಕೋದಂಡಪ್ಪ ಸುಮಿತಾಳ ಜೊತೆ ಕೋಣೆ ಕೋಣೆ ಸುತ್ತಿದ. ಕಂಪ್ರೆಸರ್ ಹೊಟ್ಟೆ ತುಂಬಿದಾಗ ಹೇಗೆ ಸದ್ದು ಮಾಡುತ್ತದೆ, ಎಣ್ಣೆ ಕಡಿಮೆಯಾದರೆ ಹೇಗೆ ಎಂದು ಕೇಳಿಸಿ ತೋರಿಸಿದ. ಕೊನೆಗೆ ಒಂದು ಬೆಳಗ್ಗೆ ಬಾಗಿಲು ತೆಗೆದಾಗ ಒಳಗಿನ ತಂಪು ಹೊರಗಿನ ಬಿಸಿಲಿಗೆ ತಾಗಿ ಹೊಸ್ತಿಲಲ್ಲಿ ಮಂಜು ಹರಿಯಿತು. ಶಿವಪ್ರಸಾದ್ ಅವನ ಕೈಕುಲುಕಿ ಬೆಂಗಳೂರಿನ ರೈಲು ಹತ್ತಿದರು. ಹುಣಸೆಹಣ್ಣಿನ ಮೊದಲ ಲಾರಿ ಬಂದು ನಿಂತಿತು.

ಮಾಲು ತುಂಬುವ ಗಡಿಬಿಡಿಯ ನಡುವೆಯೇ ಒಂದು ಮಧ್ಯಾಹ್ನ ಸುಮಿತಾ ಮಿಷನ್ ರೂಮಿನಲ್ಲಿ ತಟ್ಟನೆ ನಿಂತಳು. "ಅಂಕಲ್, ಏನೋ ವಾಸನೆ ಬಂದ ಹಾಗಾಯ್ತು." ಸೆನ್ಸರ್ ಸುಮ್ಮನಿತ್ತು. ಕೋದಂಡಪ್ಪ ಖಾತ್ರಿಯಾ ಎಂದು ಕೇಳಲಿಲ್ಲ. ಹೋಗಿ ಕಂಪ್ರೆಸರ್ ನಿಲ್ಲಿಸಿದ, ಎಲ್ಲರನ್ನೂ ಹೊರಗೆ ಕಳಿಸಿದ. ಹೊರಗೆ ಲಾರಿಗಳು ಸಾಲುಗಟ್ಟಿದ್ದವು. ಅಶ್ವತ್ಥಪ್ಪನವರು ಗೊಣಗಿದರು. ಇಬ್ಬರೂ ಮಾಸ್ಕು ತೊಟ್ಟು, ಗಂಧಕದ ಕಡ್ಡಿ ಹಿಡಿದು ಇದ್ದಬದ್ದ ಜಾಯಿಂಟುಗಳನ್ನೆಲ್ಲ ಹುಡುಕಿದರು. ಎಲ್ಲೂ ಬಿಳಿ ಹೊಗೆ ಏಳಲಿಲ್ಲ.

ಸುಮಿತಾಳ ಮುಖ ಸಣ್ಣದಾಯಿತು. "ಸಾರಿ ಅಂಕಲ್, ಸುಮ್ನೆ ಎಲ್ಲಾ ನಿಲ್ಲೋ ಹಾಗೆ ಮಾಡ್ಬಿಟ್ಟೆ."

"ಸುಮ್ನೆ ಯಾಕಾಗ್ತದಮ್ಮ?" ಎಂದ ಕೋದಂಡಪ್ಪ. "ನಾಳೇನೂ ಬಂದಂಗೆ ಆದ್ರೆ ನಾಳೇನೂ ಕೂಗು."

ಹೊರಗೆ ಲಾರಿಯ ಹಿಂದೆ ನಿಂತಿದ್ದ ಮುನಿಗಂಗಮ್ಮ, "ಆಯ್ತಾ? ಬರಾದಾ ಒಳೀಕೆ?" ಎಂದು ಕೂಗಿದಳು. ಅವನು ಕೈ ಬೀಸಿ ಕರೆದು, ಒಳಗೆ ಹೋಗಿ ಮಿಷನ್ ಓಡಿಸಿ, ಅದರ ಸದ್ದು ಹದಕ್ಕೆ ಬರುವವರೆಗೂ ಸುಮಿತಾಳ ಪಕ್ಕದಲ್ಲಿ ನಿಂತಿದ್ದ.